ಬಂಬಕ್ಕೆ ಬೇಕಾದ ಸವಳು ನೀರು

ಮೊದಲೇ ಹೇಳಿಬಿಡುತ್ತೇನೆ. ಆ ಫೋನು ಮಾಡಿದವನು ನಾನು, ಆಸಿಡ್ ಸುರಿದವನೂ ನಾನೇ. ಎರಡನ್ನೂ ಬೇರೆ ಬೇರೆ ಜನ ಮಾಡಿದ್ದರೆ ಒಬ್ಬನಾದರೂ ಇನ್ನೊಬ್ಬನಿಗೆ “ಲೇ, ಬ್ಯಾಡ ತಡಿ” ಅನ್ನುತ್ತಿದ್ದ. ಒಂದೇ ತಲೆಯಲ್ಲಿ ಎರಡೂ ಕೂಡಿದ್ದರಿಂದ ತಡೆಯುವವರೇ ಇರಲಿಲ್ಲ. ಆ ತಲೆಯಲ್ಲಿ ಆಗ ಜಾಗವೂ ಬಹಳ ಖಾಲಿ ಇತ್ತು.

ನನಗೆ ಕೆಲಸ ಕಲಿಸಿದ ಉಸ್ತಾದರ ಅಂಗಡಿ ಗೋಕಾಕದ ಬಸ್ ಸ್ಟ್ಯಾಂಡಿನಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿತ್ತು. ಅವರ ಅಜ್ಜ, ಅಪ್ಪ ಎಲ್ಲರೂ ತಾಮ್ರ-ಹಿತ್ತಾಳೆಯ ಭಾಂಡೆಗಳಿಗೆ ಕಲಾಯಿ ಹಾಕಿದವರು. ಮನೆಮನೆಗೆ ಸ್ಟೀಲು ಬಂದು ಕಲಾಯಿಯ ಕೆಲಸ ಕಡಿಮೆಯಾದ ಮೇಲೆ ಉಸ್ತಾದರು ಗೀಜರ್ ರಿಪೇರಿಗೆ ಇಳಿದರು. ಅಂಗಡಿಯ ಒಂದು ಮೂಲೆಯಲ್ಲಿ ಹಳೆಯ ತಿದಿ, ಇನ್ನೊಂದು ಮೂಲೆಯಲ್ಲಿ ಗೀಜರಿನ ಸುಟ್ಟ ಕಾಯಿಲುಗಳ ರಾಶಿ, ನಡುವೆ ನಾನು. ದಿನಾ ಮುಂಜಾನೆ ಗೋಕಾಕ ಫಾಲ್ಸ್‌ನಿಂದ ಬಸ್ ಹತ್ತಿ ಬಂದು, ಶಟರ್ ಎತ್ತಿ, ಕಸ ಹೊಡೆದು, ಉಸ್ತಾದರು ಬರುವಷ್ಟರಲ್ಲಿ ಅವರದೇ ದನಿಯಲ್ಲಿ ನನಗೆ ನಾನೇ ಒಂದೆರಡು ಸಲ ಬೈದುಕೊಂಡು ತಯಾರಾಗಿರುತ್ತಿದ್ದೆ.

ಹೌದು, ದನಿ ತೆಗೆಯುವುದು ನನ್ನ ಇನ್ನೊಂದು ಕಸುಬು. ಬಸ್ಸಿನ ಕಂಡಕ್ಟರು, ಗಂಟಲು ಹರಿದುಕೊಳ್ಳುವ ಕಾಯಿಪಲ್ಲೆಯವಳು, ನಿದ್ದೆಗಣ್ಣಲ್ಲಿ ಮಾತಾಡುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ನನ್ನದೇ ದನಿಯನ್ನೂ ಬಿಟ್ಟಿಲ್ಲ. ಗಿರಾಕಿಯ ಎದುರು ಹೆದರಿದಾಗ ನಾನು ಮಾತಾಡುವ ರೀತಿಯನ್ನು ನಾನೇ ಆಡಿ ತೋರಿಸಿದರೆ ಸಂದಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ನನ್ನ ಕೈಗೆ ಸಿಕ್ಕ ದೊಡ್ಡ ದನಿ ಎಂದರೆ ಉಸ್ತಾದರದು. ಜೀವಮಾನವೆಲ್ಲ ಕಲಾಯಿಯ ಹೊಗೆ ಕುಡಿದು ಆ ಗಂಟಲು ಉಸುಕು ಕಾಗದದಂತಾಗಿತ್ತು. ಪ್ರತಿ ಮಾತಿಗೂ ಮೊದಲು “ಖ್ಞಾ” ಎಂದು ಒಂದು ಕೆಮ್ಮು. ಕೆಮ್ಮಿಲ್ಲದೆ ಅವರು ನಮಸ್ಕಾರವನ್ನೂ ಮಾಡಿದವರಲ್ಲ. ಆ ದನಿ ನನಗೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಒಮ್ಮೆ ಅವರೇ ಹಿಂದಿನ ಕೋಣೆಯಿಂದ ಹೊರಗೆ ಬಂದು, “ಖ್ಞಾ... ನಾ ಒಳಗಿದ್ದೆ, ಹೊರಗ ಯಾಂವ ಬೈಯಾಕತ್ತಾನ?” ಎಂದು ಕೇಳಿದ್ದರು.

ಇನ್ನು ನೀರಿನ ಮಾತು. ಊರ ಮಗ್ಗುಲಿಗೇ ಹೊಳೆ ಇದ್ದರೂ, ಗುಡ್ಡದ ಕಡೆಗೆ ಏರಿಕೊಂಡಿರುವ ಆ ಒಂದು ಓಣಿಗೆ ಹೊಳೆಯ ನೀರು ಹತ್ತುತ್ತಿರಲಿಲ್ಲ. ಅಲ್ಲಿನ ನಳಕ್ಕೆ ಬರುತ್ತಿದ್ದದ್ದು ಬೋರಿನ ಸವಳು ನೀರು. ಸೋಪು ಎಷ್ಟು ತಿಕ್ಕಿದರೂ ನೊರೆ ಬಾರದು. ಮೈಗೆ ಹಚ್ಚಿದ್ದು ತೊಳೆದರೂ ಹೋಗದು. ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿ ನಮ್ಮನ್ನೇ ನೋಡುತ್ತಿತ್ತು. ಚಹದ ಮೇಲೆ ಕಿರಿದಾದ ಒಂದು ಪೊರೆ, ಭಾಂಡೆಯ ಒಳಗೆ ಬಿಳಿ ಬಿಳಿ ಗೆರೆ, ಪ್ರತಿ ನಳದ ಬಾಯಿಗೂ ಮುದುಕರ ಹಾಗೆ ಬಿಳಿ ಗಡ್ಡ. ಷವರಿನ ತೂತುಗಳನ್ನು ಟಾಚಣಿಯಿಂದ ಚುಚ್ಚಿ ಚುಚ್ಚಿ ಜನ ಸ್ನಾನ ಮಾಡುತ್ತಿದ್ದರು. ಓಣಿಯ ಹೆಣ್ಣುಮಕ್ಕಳು ಘಟಪ್ರಭಾಕ್ಕೆ ನೆಂಟರ ಮನೆಗೆ ಹೋದರೆ ಮೊದಲು ಕೇಳುತ್ತಿದ್ದದ್ದು ಊಟವನ್ನಲ್ಲ, ತಲೆ ತೊಳೆಯುವುದಕ್ಕೆ ಒಂದು ಬಕೆಟ್ಟು ನೀರನ್ನು. ಹೋಗುವಾಗ ಕತ್ತದ ನಾರಿನ ಹಾಗಿದ್ದ ಕೂದಲು ಬರುವಾಗ ರೇಷ್ಮೆ. ಬಸ್ ಇಳಿದು ಬರುವವರ ತಲೆ ನೋಡಿಯೇ ಯಾರು ಎಲ್ಲಿಗೆ ಹೋಗಿ ಬಂದರೆಂದು ನಾನು ಹೇಳಿಬಿಡುತ್ತಿದ್ದೆ.

ಆ ಓಣಿಯ ಗೀಜರುಗಳು ನಮ್ಮ ಅನ್ನ. ಕಾಯಿಲಿನ ಮೇಲೆ ಸುಣ್ಣದ ಪದರು ಕಟ್ಟಿ, ಒಳಗಿನ ಶಾಖ ಹೊರಗೆ ಬಾರದೆ, ಒಂದು ದಿನ ಠಪ್ ಅನ್ನುತ್ತಿತ್ತು. ನಾನು ಹೋಗಿ ಬಿಚ್ಚಿ, ಕಬ್ಬಿನಷ್ಟು ದಪ್ಪ ಆದ ಕಾಯಿಲನ್ನು ಹೊರಗೆ ಎಳೆದರೆ ಮನೆಯವರೆಲ್ಲ ಕೂಡಿ, ಹುತ್ತದಿಂದ ಹಾವು ಹಿಡಿದವನನ್ನು ನೋಡಿದ ಹಾಗೆ ನನ್ನನ್ನು ನೋಡುತ್ತಿದ್ದರು.

ಒಂದು ಚಳಿಗಾಲದ ಮೊದಲಿಗೆ ಆ ಓಣಿಗೂ ಹೊಳೆ ನೀರು ಬಂತು. ಹೊಸ ಪೈಪು ಹಾಕಿ, ಬೋರಿನ ಮೋಟರನ್ನು ಎತ್ತಿ ಬೇರೆ ಕಡೆಗೆ ಒಯ್ದರು. ಮೊದಲ ದಿನ ಒಬ್ಬ ಅಜ್ಜ ಬಾಗಿಲಲ್ಲಿ ಕುಳಿತು ಕೈಗೆ ಸೋಪು ಹಚ್ಚಿ ಹಚ್ಚಿ, “ನೊರಿ ನೋಡ್ರಿ, ನೊರಿ!” ಎಂದು ಹೋಗಿ ಬರುವವರಿಗೆಲ್ಲ ತೋರಿಸುತ್ತಿದ್ದ. ಆದರೆ ಹೊಸ ನೀರು ಬಂದ ಕೂಡಲೇ ಎಲ್ಲರಿಗೂ ಹಳೆಯ ಸುಣ್ಣ ಕಣ್ಣಿಗೆ ಚುಚ್ಚತೊಡಗಿತು. ಗೀಜರು, ಸೋಲಾರು, ನಳ, ಹಂಡೆ, ಎಲ್ಲದರ ಒಳಗೂ ಕೂತ ಬಿಳಿ ಪದರು ತೆಗೆದು ಕೊಡಿ ಎಂದು ಅಂಗಡಿಯ ಮುಂದೆ ಸಾಲು ಹತ್ತಿತು. ನನ್ನ ಕೆಲಸದ ಬದುಕಿನಲ್ಲಿ ಅಂಥ ಸುಗ್ಗಿ ಮುಂದೆ ಬರಲಿಲ್ಲ.

ಸುಣ್ಣ ತೆಗೆಯಲು ಉಸ್ತಾದರ ಪದ್ಧತಿ ನಿಧಾನದ್ದು. ಹುಣಸೆಹಣ್ಣು, ಉಪ್ಪು ಕಿವುಚಿದ ನೀರು ತುಂಬಿ ಇಡೀ ದಿನ ನೆನೆಹಾಕಬೇಕು. ಆಮೇಲೆ ಕಟ್ಟಿಗೆಯ ಸುತ್ತಿಗೆಯಿಂದ ಹೊರಗಡೆ ಮೆಲ್ಲಗೆ ತಟ್ಟುತ್ತ ಕಿವಿಗೊಟ್ಟು ಕೇಳಬೇಕು. ಪದರು ಬಿಟ್ಟ ಕಡೆ ಸದ್ದು ಬೇರೆ ಬರುತ್ತದೆ. ಬಿಟ್ಟದ್ದನ್ನಷ್ಟೇ ತೆಗೆಯಬೇಕು, ಬಿಡದ್ದನ್ನು ಪೀಡಿಸಬಾರದು. ನನ್ನ ಪದ್ಧತಿ ವೇಗದ್ದು. ಬಚ್ಚಲು ತೊಳೆಯುವ ಆಸಿಡ್ಡಿಗೆ ನೀರು ಬೆರೆಸಿ ಸುರಿದರೆ ಬುಸುಬುಸು ಎಂದು ನೊರೆ ಉಕ್ಕಿ, ಒಂದು ಚಹ ಕುಡಿದು ಬರುವಷ್ಟರಲ್ಲಿ ಎಲ್ಲ ಸ್ವಚ್ಛ. ಸ್ಟೀಲಿನ ಸಾಮಾನಿಗೆ ಕದ್ದು ಕದ್ದು ಹೀಗೆ ಮಾಡುತ್ತಿದ್ದೆ. ಉಸ್ತಾದರು ಮೂಸಿ ನೋಡಿ, “ಖ್ಞಾ... ಹುಣಸಿಹಣ್ಣ ಯಾವಾಗಿಂದ ಹಿಂಗ ನಾರಾಕತ್ತೈತಿ?” ಅನ್ನುವರು. “ಹಳೇ ಹುಣಸಿಹಣ್ರಿ” ಅನ್ನುವೆ ನಾನು.

ಆ ಓಣಿಯ ಮೇಲಿನ ತುದಿಯ ಮನೆ ಆಯಿಯದು, ಅಂದರೆ ನಾವು ಹುಡುಗರು ಆಯಿ ಅನ್ನುತ್ತಿದ್ದ ಅಜ್ಜಿಯದು. ಕುರಿ ಕಾಯುವ ಮನೆತನ. ಆಯಿ ತಾನೇ ಸಣ್ಣವಳಿದ್ದಾಗ ಹಿಂಡಿನ ಹಿಂದೆ ನಡೆದವಳು. ಈಗ ಮಗನ ಮನೆಯಲ್ಲಿ ಎಲ್ಲರನ್ನೂ ಹಿಂಡಿನ ಹಾಗೆಯೇ ನಡೆಸುವವಳು. ಅವಳ ಬಚ್ಚಲಲ್ಲಿ ಒಂದು ತಾಮ್ರದ ಬಂಬ ಇತ್ತು, ಹುಕ್ಕೇರಿ ಕಡೆಯ ತವರಿನಿಂದ ಮದುವೆಯಲ್ಲಿ ಬಂದದ್ದು. ಈಗಿನವರಿಗೆ ಬಂಬ ಗೊತ್ತಿಲ್ಲದಿರಬಹುದು. ಎದೆಯೆತ್ತರದ ತಾಮ್ರದ ಡ್ರಮ್ಮು. ಅದರ ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೊಳವೆಯೊಳಗೆ ಕಟ್ಟಿಗೆ ಚೂರು, ಗೋವಿನಜೋಳದ ಬೆಂಡು ಹಾಕಿ ಉರಿ ಹಚ್ಚಬೇಕು. ಕೊಳವೆಯ ಸುತ್ತ ನಿಂತ ನೀರು ಕಾಯುತ್ತದೆ, ಕೆಳಗಿನ ಹಿತ್ತಾಳೆ ನಳ ತಿರುವಿದರೆ ಹೊಗೆಯ ವಾಸನೆಯ ಬಿಸಿನೀರು. ಆಯಿಯ ಮಕ್ಕಳು, ಮೊಮ್ಮಕ್ಕಳು ಎಲ್ಲರಿಗೂ ಮೊದಲ ನೀರು ಎರೆದದ್ದು ಆ ಬಂಬದ್ದೇ. ಈಗ ಮೊಮ್ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು, ದಿನ ತುಂಬಿಕೊಂಡಿದ್ದವು. ಆ ಕೂಸಿಗೂ ಬಂಬದ ನೀರೇ ಎಂಬುದು ಆಯಿಯ ಹಟ.

ಆ ಬಂಬ ಮಾತಾಡುತ್ತಿತ್ತು. ನೀರು ಬೆಚ್ಚಗಾದಾಗ ಒಳಗೆಲ್ಲೋ ಟಕ್, ಟಕ್. ಇನ್ನೂ ಕಾದಾಗ ಗುರ್‌ರ್ ಎಂದು ಹೊಟ್ಟೆ ಹಸಿದವರ ಹಾಗೆ. ಮೈಗೆ ಹದವಾದಾಗ ಗುಡುಗುಡು ಎಂದು ಹುಕ್ಕಾ ಸೇದಿದ ಹಾಗೆ. ಆಯಿ ಪಡಸಾಲೆಯಲ್ಲಿ ಕೂತು ಕಿವಿಯಿಂದಲೇ, “ಈಗ ಎರಕೋ ಹೋಗು” ಎಂದು ಮನೆಯವರನ್ನು ಕಳಿಸುತ್ತಿದ್ದಳು. ನಳದ ರಿಪೇರಿಗೆ ಹೋದಾಗ ಒಮ್ಮೆ ಕೇಳಿ ಬಂದು ಅಂಗಡಿಯಲ್ಲಿ ಆ ಬಂಬದ ದನಿಯನ್ನೂ ತೆಗೆದಿದ್ದೆ. ನಿರ್ಜೀವ ವಸ್ತುವಿನದು ತೆಗೆದದ್ದು ಅದೊಂದೇ.

ಸುಗ್ಗಿಯ ದಿನಗಳಲ್ಲಿ ನಾನು ಉಸ್ತಾದರಿಗೆ, “ಆಯಿ ಬಂಬನೂ ತೊಳದು ಕೊಡೂಣೇನ್ರಿ? ಕೂಸ ಬರೂದರಾಗ ಫಳಫಳ ಮಾಡೂಣು” ಎಂದೆ.

“ಖ್ಞಾ... ಅದಕ್ಕ ಕೈ ಹಚ್ಚಬ್ಯಾಡ.”

“ಯಾಕ್ರಿ?”

“ಹಚ್ಚಬ್ಯಾಡ ಅಂದೆ ಅಲಾ.”

ಯಾಕೆಂದು ಹೇಳಿದ್ದರೆ ಕೇಳುತ್ತಿದ್ದೆನೋ ಏನೋ. ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಡೀ ಓಣಿ ತೊಳೆದವನು ಮೇಲಿನ ತುದಿಯ ಒಂದು ಮನೆ ಬಿಡುವುದೆಂದರೆ ನನಗೆ ಉಗುರಿನಲ್ಲಿ ಮುಳ್ಳು ಸಿಕ್ಕ ಹಾಗೆ. ಆದರೆ ಉಸ್ತಾದರ ಮಾತಿಲ್ಲದೆ ಆಯಿ ಬಂಬ ಕೊಡುವವಳಲ್ಲ. ಒಂದು ಮಧ್ಯಾಹ್ನ ಉಸ್ತಾದರು ಮೊಬೈಲನ್ನು ಅಂಗಡಿಯಲ್ಲೇ ಬಿಟ್ಟು ನಮಾಜಿಗೆ ಹೋದರು. ಮೊಬೈಲು ನನ್ನ ಕಡೆ ನೋಡಿತು.

“ಖ್ಞಾ... ಆಯಿ, ನಾ ಉಸ್ತಾದ ಮಾತಾಡಾಕತ್ತೇನಿ. ನಮ್ಮ ಹುಡುಗ ಬರ್ತಾನ, ಬಂಬ ಕೊಟ್ಟು ಕಳಸ್ರಿ. ಖ್ಞಾ... ಸುಣ್ಣ ತಗದು ಹೊಸಾದರಂಗ ಮಾಡಿ ಕೊಡ್ತೇನಿ.”

ಆ ಕಡೆಯಿಂದ ಆಯಿ, “ಏನೂ ಆಗೂದಿಲ್ಲ ಅಲಾ?” ಅಂದಳು.

“ಏನೂ ಆಗೂದಿಲ್ರಿ ಆಯಿ. ಖ್ಞಾ... ಜವಾಬ್ದಾರಿ ನಂದು.”

“ಕಳಸು ಹಂಗಾರ.”

ಎರಡು ದಿನ ಉಸ್ತಾದರು ಹುಕ್ಕೇರಿಗೆ ನೆಂಟರ ಮನೆಗೆ ಹೋಗುವವರಿದ್ದರು. ಅಷ್ಟರಲ್ಲಿ ಮುಗಿಸಿಬಿಟ್ಟರಾಯಿತು. ಅವರು ಬಸ್ ಹತ್ತಿದ ಕೂಡಲೇ ಕೈಗಾಡಿಯಲ್ಲಿ ಬಂಬ ತಂದೆ, ಅಂಗಡಿಯ ಹಿಂದೆ ನಿಲ್ಲಿಸಿ ಆಸಿಡ್ ಸುರಿದೆ. ಅಬ್ಬಾ, ಅದರೊಳಗಿಂದ ಬಂದ ಸುಣ್ಣ! ಹಪ್ಪಳ ಹಪ್ಪಳವಾಗಿ, ಮೊಟ್ಟೆಯ ಸಿಪ್ಪೆಯ ಹಾಗೆ, ಅಂಗೈ ಅಗಲದ ತುಂಡುಗಳು. ಕಡೆಗೆ ಒಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಗುಲಾಬಿ ಬಣ್ಣದ ತಾಮ್ರ, ಮದುವಣಗಿತ್ತಿಯ ಕೆನ್ನೆಯ ಹಾಗೆ. ನಾನೇ ನನ್ನ ಬೆನ್ನು ಚಪ್ಪರಿಸಿಕೊಂಡೆ, ಅದೂ ಉಸ್ತಾದರ ದನಿಯಲ್ಲಿ: “ಖ್ಞಾ... ಶಾಬಾಸ್ ಬೇಟಾ.”

ಮರುದಿನ ಒಯ್ದು ಬಚ್ಚಲಲ್ಲಿ ಕೂರಿಸಿ, ನೀರು ತುಂಬಿ ಉರಿ ಹಚ್ಚಿದೆ. ಮನೆಯವರೆಲ್ಲ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೊಳವೆಯೊಳಗಿಂದ ಚುಂಯ್ ಎಂದಿತು. ಮತ್ತೊಮ್ಮೆ ಚುಂಯ್. ಆಮೇಲೆ ಒಗ್ಗರಣೆ ಹಾಕಿದ ಹಾಗೆ ಚುಂಯ್ ಚುಂಯ್ ಚುಂಯ್. ಬುಡದಿಂದ ಬೂದಿಯ ಕೆಸರು ಹರಿದು ಬಂತು, ಉರಿ ಆರಿತು. ಕೊಳವೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ವರ್ಷಗಟ್ಟಲೆ ಉರಿ ತಿಂದು ತಾಮ್ರ ಕಾಗದದಷ್ಟು ತೆಳುವಾಗಿತ್ತು. ಇಷ್ಟು ದಿನ ನೀರನ್ನು ಹಿಡಿದು ನಿಲ್ಲಿಸಿದ್ದದ್ದು ನಾನು ಹಪ್ಪಳ ಹಪ್ಪಳವಾಗಿ ಕಿತ್ತು ಚರಂಡಿಗೆ ಚೆಲ್ಲಿದ ಆ ಸುಣ್ಣ. ಆದರೆ ಈ ಬುದ್ಧಿ ನನಗೆ ಆಗಲೇ ಬಂತೆಂದು ತಿಳಿಯಬೇಡಿ. ಆಗ ಬಂದದ್ದು ಬೆವರು ಮಾತ್ರ.

ಆಯಿಯ ಮಗನನ್ನು ನಾನು ಕಾಕಾ ಅನ್ನುತ್ತಿದ್ದೆ. ಕಾಕಾ ಬಗ್ಗಿ ನೋಡಿ, “ಛಲೋ ಆತು. ಇದನ್ನ ಹಳೇ ಸಾಮಾನದ ಮೋಡಕಾದವಗ ಹಾಕಿ ಒಂದ ಗೀಜರ್ ತರೂಣು” ಅಂದರು. ಆಯಿ ಸೀರೆಯ ಸೆರಗಿನಿಂದ ಬಂಬದ ಮೇಲೆ ಸಿಡಿದ ಬೂದಿ ಒರೆಸಿದಳು. ನಾನು ಎಲ್ಲರ ಬೈಗಳನ್ನು ಆಡಿ ತೋರಿಸಬಲ್ಲವನು; ಆಡದಿದ್ದ ಬೈಗಳನ್ನು ಹೇಗೆ ಆಡಲಿ?

ಉಸ್ತಾದರು ಹುಕ್ಕೇರಿಯಿಂದ ಬಂದ ದಿನವೇ ಆಯಿ ಅಂಗಡಿಗೆ ಬಂದಳು. ಕೈಗಾಡಿಯಲ್ಲಿ ಬಂಬ, ಹಿಂದೆ ಕೋಲು ಹಿಡಿದು ಅವಳು.

“ಉಸ್ತಾದ, ಏನೂ ಆಗೂದಿಲ್ಲ, ಜವಾಬ್ದಾರಿ ನಂದು ಅಂತ ಫೋನ್‌ನ್ಯಾಗ ಹೇಳಿದ್ದಿ. ಹೇಳಿದ್ದಿ ಇಲ್ಲೊ?” ಕೇಳಿದ್ದು ಉಸ್ತಾದರನ್ನು, ನೋಡಿದ್ದು ನನ್ನನ್ನು. ನಾನು ಒಂದು ಗೀಜರಿನ ಸ್ಕ್ರೂವನ್ನು, ಅದರ ಮೇಲೆ ಏನೋ ಶಾಸನ ಬರೆದ ಹಾಗೆ ಪರೀಕ್ಷೆ ಮಾಡುತ್ತಿದ್ದೆ.

ಉಸ್ತಾದರು ಬಂಬ ನೋಡಿದರು. ಮೊಬೈಲು ನೋಡಿದರು. ನನ್ನನ್ನು ನೋಡಿದರು.

“ಖ್ಞಾ... ಹೌದಕ್ಕಾ. ಅಂದಿದ್ದೆ.”

“ಮೊಮ್ಮಗಳಿಗಿ ಇವತ್ತ ನಾಳೆ ಅನ್ನೂಹಂಗೈತಿ.”

“ಕೂಸ ಮನಿಗಿ ಬರೂದರಾಗ ಬಂಬ ನಿಮ್ಮ ಬಚ್ಚಲದಾಗ ಇರ್ತೈತಿ ಅಕ್ಕಾ. ಮಾತ ಮಾತ.”

ಅವಳು ಹೋದ ಮೇಲೆ ನಾನು ಕಪಾಳ ಮುಂದೆ ಮಾಡಿ ನಿಂತೆ. ಅವರು ಹೊಡೆಯಲಿಲ್ಲ. ತಿದಿಯ ಮೇಲಿನ ಧೂಳು ಕೊಡವುತ್ತ ಕೇಳಿದರು: “ದನಿ ಹೆಂಗ ಬಂತು?”

“ರೀ?”

“ನನ್ನ ದನಿ. ಬರೋಬರಿ ಬಂತೇನು?”

“ಬಂತ್ರಿ.”

“ಖ್ಞಾ... ಹಂಗಾದ್ರ ನನ್ನ ದನಿ ಒಪ್ಪಕೊಂಡ ಕೆಲಸ ನಾನ ಮಾಡಬೇಕು. ನೀ ಕೈ ಹಚ್ಚು. ಮತ್ತ ಒಂದ ಮಾತು, ಅಕ್ಕಗ ಖರೆ ಹೇಳಾಕ ಹೋಗಬ್ಯಾಡ. ಹೇಳಿದಿ ಅಂದ್ರ ನಾ ಈಗ ಅಂದದ್ದು ಸುಳ್ಳಾಗತೈತಿ.”

ಮುಂದಿನ ದಿನಗಳು ಬೆಸುಗೆಯವು. ಬಂಬವನ್ನು ಅಡ್ಡ ಮಲಗಿಸಿ, ಕೊಳವೆಯೊಳಗೆ ಬೆಳಕು ಬಿಟ್ಟು, ಡ್ರಮ್ಮಿಗೆ ನೀರು ತುಂಬಿದರೆ ಎಲ್ಲೆಲ್ಲಿ ಹನಿ ಬೆವರುತ್ತದೋ ಅಲ್ಲಿ ಸೀಸಕಡ್ಡಿಯಿಂದ ಗುರುತು ಹಾಕುವುದು. ನೀರು ಚೆಲ್ಲಿ, ಒಣಗಿಸಿ, ಗುರುತಿನ ಜಾಗ ಕೆರೆದು, ಬಿಳಿಗಾರದ ಪುಡಿ ಹಚ್ಚಿ, ಗ್ಯಾಸಿನ ಉರಿ ಹಿಡಿದು ಬೆಸುಗೆ ಕೂಡಿಸುವುದು. ತಿರುಗಿ ನೀರು ತುಂಬುವುದು. ಹಾಕಿದ ಬೆಸುಗೆ ನಿಂತಿರುತ್ತಿತ್ತು. ಅದರ ಬಾಜೂಕೆ, ಉರಿಯ ಬಿಸಿಗೆ ತಾಮ್ರ ಇನ್ನಷ್ಟು ಸೋತು, ಹೊಸ ಹನಿ. ಅದನ್ನು ಮುಚ್ಚಿದರೆ ಅದರಾಚೆ ಇನ್ನೊಂದು. ಕಡೆಗೆ ಒಳಗಿನ ಕೊಳವೆಗೆ ಸಿಡುಬಿನ ದೇವಿ ಎದ್ದ ಮುಖದ ಹಾಗೆ ಕಲೆ ಕಲೆ. ದೊಡ್ಡ ತೂತುಗಳು ಮುಚ್ಚಿದ್ದವು, ನಿಜ. ಆದರೆ ಸಣ್ಣ ಬೆವರು ನಿಲ್ಲಲಿಲ್ಲ, ಆ ಬೆವರಿಗೇ ಉರಿ ಆರುತ್ತಿತ್ತು.

ನಾನು ಕೊಳವೆಯನ್ನೇ ಕತ್ತರಿಸಿ ಸ್ಟೀಲಿನದು ಕೂಡಿಸೋಣ ಎಂದೆ. ಉಸ್ತಾದರು ಬುಡವನ್ನು ಬೆರಳಿನಿಂದ ಒತ್ತಿ ತೋರಿಸಿದರು. ಅದು ಹಪ್ಪಳದ ಹಾಗೆ ಒಳಗೆ ಹೋಗಿ ಹೊರಗೆ ಬಂತು. ಕತ್ತರಿ ಹಚ್ಚಿದರೆ ಬುಡವೂ ಕೈಗೆ ಬರುತ್ತಿತ್ತು.

ಅಷ್ಟರಲ್ಲಿ ಕಾಕಾ ಬಂದು, ಮಗಳನ್ನು ಘಟಪ್ರಭಾದ ಆಸ್ಪತ್ರೆಗೆ ಸೇರಿಸಿದ್ದೇವೆ, ನೋವು ಬರುವವರೆಗೆ ಅಲ್ಲೇ ಇಟ್ಟುಕೊಳ್ಳುತ್ತಾರಂತೆ ಎಂದು ಹೇಳಿ ಹೋದರು. ಹೋಗುವಾಗ ಮೆಲ್ಲಗೆ, “ಆಗಲಿಲ್ಲಾಂದ್ರ ಹೇಳಿಬಿಡ್ರಿ ಉಸ್ತಾದ, ಅವ್ವಗ ನಾ ತಿಳಿಸಿ ಹೇಳ್ತೇನಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಉಸ್ತಾದರು ಗ್ಯಾಸು ಬಂದ್ ಮಾಡಿ ಕಟ್ಟೆಯ ಮೇಲೆ ಕುಳಿತರು. “ಖ್ಞಾ... ನಾಳೆ ಅಕ್ಕಗ ಹೇಳಿಬಿಡ್ತೇನಿ.” ಆ ದನಿಯಲ್ಲಿ ಕೆಮ್ಮೊಂದೇ ಅವರದಾಗಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ನನಗೆ ಸುಮ್ಮನಿರುವುದೊಂದು ಬರುವುದಿಲ್ಲ. ಅವರನ್ನು ನಗಿಸಬೇಕೆಂದು ಆಯಿಯ ಮನೆಯ ಮುಂಜಾನೆಯನ್ನು ಆಡತೊಡಗಿದೆ. ಕಾಕಾ ಹಲ್ಲುಜ್ಜುವುದು, ಆಯಿ ಪಡಸಾಲೆಯಿಂದ ಕೂಗುವುದು, ನಡುವೆ ಬಂಬ: ಟಕ್, ಟಕ್... ಗುರ್‌ರ್... ಗುಡುಗುಡು.

ಉಸ್ತಾದರು ನಗಲಿಲ್ಲ. ತಲೆ ಎತ್ತಿದರು.

“ಬಂಬದ್ದು ಇನ್ನೊಮ್ಮೆ ಮಾಡು.”

ಮಾಡಿದೆ.

“ಈಗ ನೀ ತೊಳದ ಮ್ಯಾಲೆ ಉರಿ ಹಚ್ಚಿದಿ ಅಲಾ, ಆವಾಗ ಹೆಂಗ ಅಂತು? ಅದನ್ನ ಮಾಡು.”

ನಾನು ಬಾಯಿ ತೆರೆದೆ. ಮಾಡಲು ಏನೂ ಇರಲಿಲ್ಲ. ಹನಿ ಬೆಂಕಿಗೆ ಬಿದ್ದ ಚುಂಯ್ ಒಂದು ಬಿಟ್ಟರೆ ಆ ದಿನ ಬಂಬ ಮೂಕ. “ಸುಮ್ಮ ಇತ್ರಿ,” ಎಂದೆ.

“ಖ್ಞಾ... ಆ ಟಕ್ ಟಕ್ ಅನ್ನೂದು ತಾಮ್ರ ಅಲ್ಲೋ ಬೇಟಾ. ಸುಣ್ಣದ ಪದರಿನ ಕೆಳಗ ನೀರ ಸಿಕ್ಕೊಂಡು ಕುದೀತಿತ್ತು. ಒಳಗ ಅಷ್ಟು ಸುಣ್ಣ ಇದ್ದದ್ದಕ್ಕ ಅದು ಸೋರತಿರಲಿಲ್ಲ. ಅದಕ್ಕ ಕೈ ಹಚ್ಚಬ್ಯಾಡ ಅಂದಿದ್ದೆ.” ಆಮೇಲೆ ಗ್ಯಾಸಿನ ನಳಿಗೆಯನ್ನು ಸುತ್ತಿ ಗೂಟಕ್ಕೆ ತೂಗುಹಾಕಿದರು. “ಬೆಸಿಗಿ ಸಾಕು. ದೊಡ್ಡವು ಮುಚ್ಚ್ಯಾವು. ಸಣ್ಣವನ್ನ ಮುಚ್ಚೂದು ನಮ್ಮ ಕೈಲೆ ಆಗೂದಿಲ್ಲ, ಮೊದಲ ಯಾರು ಮುಚ್ಚಿದ್ರೋ ಅವರನ್ನ ಕರೀಬೇಕು. ಸವಳ ನೀರ ತಾ.”

ಸವಳು ನೀರು! ಓಣಿಯ ಬೋರಿನ ಮೋಟರು ಹೋಗಿ, ನಳದ ತುಂಬ ಹೊಳೆಯ ನೀರು ಹರಿಯುವ ಹೊತ್ತಿನಲ್ಲಿ. ಇಡೀ ಊರು ಯಾವುದನ್ನು ಬೈದು ಕಳಿಸಿತ್ತೋ ಅದನ್ನು ನಾನು ಕಾಲು ಹಿಡಿದು ಕರೆತರಬೇಕಿತ್ತು. ಆಗ ನೆನಪಾದದ್ದು ಮೂಡಲಗಿಯ ಹತ್ತಿರ ಎರೆಹೊಲಗಳ ನಡುವಿನ ಒಂದು ಚಹದಂಗಡಿ. ಅವರ ಕೆಟಲಿನ ಮೂತಿ ತಿಂಗಳಿಗೊಮ್ಮೆ ಮುಚ್ಚಿಹೋಗಿ ನಮ್ಮ ಅಂಗಡಿಗೆ ಬರುತ್ತಿತ್ತು. ಎರಡು ಕ್ಯಾನು ಹಿಡಿದು ಹೋದೆ. ಅಂಗಡಿಯವನು ಬೋರಿನ ನಳ ತೋರಿಸಿ, “ಈ ನೀರ ಬ್ಯಾಡ ಅನ್ನಾವರನ್ನ ಭಾಳ ನೋಡೇನಿ. ಬೇಕಂತ ಬಂದಾವ ನೀ ಒಬ್ಬನ. ಆರಾಮ ಅದಿ ಅಲಾ ತಮ್ಮಾ?” ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಕ್ಯಾನನ್ನು ಕಾಲಿನಿಂದ ತಟ್ಟಿ ಕೇಳಿದ:

“ಏನಿದು? ಹಾಲಾ?”

“ನೀರ್ರಿ.”

“ಎಲ್ಲಿಂದ ಎಲ್ಲಿಗಿ?”

“ಮೂಡಲಗಿಯಿಂದ ಗೋಕಾಕಕ್ರಿ.”

“ಗೋಕಾಕದಾಗ ಹೊಳಿ ಬತ್ತಿತೇನು?”

“ಇಲ್ರಿ, ತುಂಬಿ ಹರಿಯಾಕತ್ತೈತ್ರಿ. ಆ ನೀರ ಭಾಳ ಛಲೋ ಐತ್ರಿ, ನಮಗ ಕೆಟ್ಟ ನೀರ ಬೇಕಾಗೇತಿ.”

ಅವನು ನನ್ನನ್ನೊಮ್ಮೆ, ಕ್ಯಾನನ್ನೊಮ್ಮೆ ನೋಡಿ, ಲಗೇಜಿಗೆ ತಿಕೀಟು ಹರಿದುಕೊಟ್ಟ. ಅರಭಾವಿಯಲ್ಲಿ ಹತ್ತಿದ ಕಾಲೇಜಿನ ಹುಡುಗರಿಗೆಲ್ಲ, “ಸರದು ನಿಲ್ರಿ, ಗಂಗಾಜಲ ಬಂದೈತಿ” ಎಂದು ದಾರಿಯುದ್ದಕ್ಕೂ ಕೂಗಿದ. ಮೊದಲ ಸಲ ಒಬ್ಬ ಕಂಡಕ್ಟರು ನನ್ನನ್ನು ಆಡಿಕೊಂಡ; ಅವನ ದನಿ ನನ್ನ ಸಂಗ್ರಹದಲ್ಲಿ ಈಗಲೂ ಇದೆ, ಬಡ್ಡಿ ಸಮೇತ ತೀರಿಸಿದ್ದೇನೆ.

ಅಂಗಡಿಯ ಹಿಂದೆ ಬಂಬ ನಿಲ್ಲಿಸಿ ಸವಳು ನೀರು ತುಂಬಿದೆವು. ಸಣ್ಣ ಉರಿ. ಹನಿ ಬಿದ್ದು ಆರಿದರೆ ತಿರುಗಿ ಹಚ್ಚುವುದು. ಬಾಯಿ ತೆರೆದಿಟ್ಟು ಹಬೆ ಹೋಗಲು ಬಿಟ್ಟು, ಇಳಿದಷ್ಟು ಹೊಸ ಸವಳು ನೀರು ಮೇಲಿನಿಂದ ಸುರಿಯುವುದು. ನೀರು ಹೋಗಬೇಕು, ಸುಣ್ಣ ಉಳಿಯಬೇಕು. ನಾನು ಮೂಡಲಗಿಗೆ ಹೋಗುವುದು, ಬರುವುದು. ಉಸ್ತಾದರು ಬೆಂಡು ಹಾಕುತ್ತ ಕೂರುವುದು. ಸಂದಿಯವರು ಬಂದು ನೋಡಿ, “ಉಸ್ತಾದ, ಸುಣ್ಣ ತಗಿಯೂ ಅಂಗಡ್ಯಾಗ ಸುಣ್ಣ ಬೆಳಸಾಕತ್ತೀರಲ್ರಿ” ಎಂದು ಕೆಣಕಿದರೆ ಉಸ್ತಾದರು, “ಖ್ಞಾ... ಬೀಜ ಹಾಕೇನಿ, ಫಸಲ ಬಂದ ಮ್ಯಾಲೆ ನಿಮಗೂ ಕೊಡ್ತೇನಿ” ಅನ್ನುವರು. ಆ ದಿನಗಳಲ್ಲಿ ಕಟ್ಟೆಯ ಮೇಲೆ ಅವರ ಬಾಜೂಕೆ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಅವರು ಅಪ್ಪನ ಜೊತೆ ಹಳ್ಳಿ ಹಳ್ಳಿ ತಿರುಗಿ ಕಲಾಯಿ ಹಾಕಿದ ಮಾತು ಕೇಳಿದೆ. ಊರೊಳಗೆ ಹೋದಾಗ ಅವರಪ್ಪ ಹೇಗೆ ಕೂಗುತ್ತಿದ್ದರೆಂದು ಕೂಗಿ ತೋರಿಸಿದರು. ಆ ಹರಿದ ಗಂಟಲಿನೊಳಗಿಂದ ಅಷ್ಟು ಇಂಪಾದ ಇನ್ನೊಬ್ಬರ ದನಿ ಬಂದದ್ದು ನೋಡಿ ಬೆಚ್ಚಿದೆ. ಅವರೂ ನನ್ನ ಜಾತಿಯವರೇ ಎಂದು ಅವತ್ತು ಗೊತ್ತಾಯಿತು. “ನನ್ನ ದನಿ ತಗೊಂಡಿ ಅಲಾ,” ಎಂದು ಕಟ್ಟಿಗೆಯ ಸುತ್ತಿಗೆಯನ್ನು ನನ್ನ ಮಡಿಲಿಗೆ ಹಾಕಿದರು. “ಇದನ್ನೂ ತಗೋ. ಎಲ್ಲಿ ತಟ್ಟಬಾರದು ಅನ್ನೂದು ಕಲಿ.”

ಹನಿಗಳು ಒಂದೊಂದಾಗಿ ದಣಿದವು. ಚುಂಯ್ ಅನ್ನುವುದು ವಿರಳವಾಯಿತು. ಒಂದು ಮಧ್ಯಾಹ್ನ ಬೂದಿ ಒಣಗಿಯೇ ಉಳಿಯಿತು. ಆದರೂ ಉಸ್ತಾದರು ತೃಪ್ತರಾಗಲಿಲ್ಲ, ಕಾಯುತ್ತಲೇ ಇದ್ದರು. ಕಾಕಾ ಓಡಿ ಬಂದು, “ಹೆಣ್ಣಾತು! ನಾಳೆ ಮನಿಗಿ ಕಳಸ್ತಾರಂತ” ಎಂದು ಎಲ್ಲರ ಬಾಯಿಗೂ ಕರದಂಟು ತುರುಕಿದರು. ಅದನ್ನು ಅಗಿಯುತ್ತಿದ್ದಾಗಲೇ ಹಿಂದಿನಿಂದ ಕೇಳಿತು.

ಟಕ್.

ನಾವಿಬ್ಬರೂ ಅಗಿಯುವುದನ್ನು ನಿಲ್ಲಿಸಿದೆವು. ಉಸ್ತಾದರು ನನ್ನ ಕಡೆ ಬೆರಳು ತೋರಿಸಿ, “ನೀ ಮಾಡಿದಿ?” ಎಂದರು. ನಾನು ಬಾಯಿ ತೆರೆದು ಒಳಗಿನ ಕರದಂಟು ತೋರಿಸಿದೆ. ಟಕ್, ಟಕ್. ಆಮೇಲೆ ಬಹಳ ಸಣ್ಣಗೆ, ನಿದ್ದೆಯಿಂದ ಎದ್ದವರ ಹಾಗೆ, ಗುರ್‌ರ್.

ಮರುದಿನ ಬೆಳಿಗ್ಗೆ ಬಂಬ ಬಚ್ಚಲಲ್ಲಿತ್ತು. ಕೂಸು ಮನೆಗೆ ಬಂದ ಮೇಲೆ ಆಯಿ ಕಾಲು ಚಾಚಿ ಮಣೆಯ ಮೇಲೆ ಕೂತು, ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸನ್ನು ಮಲಗಿಸಿಕೊಂಡು, ಕಣ್ಣು ಮುಚ್ಚಿ ಕಾದಳು. ಗುಡುಗುಡು ಎಂದ ಮೇಲೆ, “ಹ್ಞಾ, ಈಗ ಹಾಕು” ಎಂದು ಸೊಸೆಗೆ ಹೇಳಿದಳು. ಹೊಳೆಯ ನೀರು, ಸವಳಿನ ಪದರು, ಹುಕ್ಕೇರಿಯ ತಾಮ್ರ. ಕೂಸು ಯಾವುದಕ್ಕೆ ಅತ್ತಿತೋ ಗೊತ್ತಿಲ್ಲ, ಇಡೀ ಓಣಿಗೆ ಕೇಳುವ ಹಾಗೆ ಅತ್ತಿತು. ಆ ದನಿ ನನಗೆ ಇವತ್ತಿಗೂ ಬರುವುದಿಲ್ಲ.

ಉಸ್ತಾದರು ಹೋಗಿ ಈಗ ಕೆಲವು ವರ್ಷ. ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ನಾನು ಘಟಪ್ರಭಾ ರಸ್ತೆಗೆ ಸಣ್ಣ ಅಂಗಡಿ ಹಾಕಿದ್ದೇನೆ. ಹೊಳೆ ನೀರಿಗೆ ಗೀಜರುಗಳು ಕೆಡುವುದೇ ಕಡಿಮೆ, ಹಾಗಾಗಿ ಮಾತಾಡಲು ಪುರಸೊತ್ತು ಹೆಚ್ಚು. ಚಹದ ಮೇಲಿನ ಆ ಪೊರೆ, ನಳಗಳ ಬಿಳಿ ಗಡ್ಡ ಎಲ್ಲ ಹೋದವು. ಯಾರೂ ಅತ್ತಿಲ್ಲ, ನಾನೂ ಅತ್ತಿಲ್ಲ. ಆದರೆ ಹಳೆಯ ಕೆಟಲೊಂದು ರಿಪೇರಿಗೆ ಬಂದು, ಒಳಗೆ ಬೆರಳು ಹಾಕಿದಾಗ ಪದರು ತಾಗಿದರೆ ಕೈ ಒಂದಿಷ್ಟು ಅಲ್ಲೇ ನಿಲ್ಲುತ್ತದೆ. ಉಸ್ತಾದರ ದನಿಯನ್ನು ಮಾತ್ರ ಜನರ ಮುಂದೆ ತೆಗೆಯುವುದಿಲ್ಲ. ಅಂಗಡಿಯಲ್ಲಿ ಒಬ್ಬನೇ ಇದ್ದಾಗ, ಕೆಲಸ ಕೆಟ್ಟಾಗ, ಅದು ತಾನೇ ಕೆಮ್ಮಿಕೊಂಡು ಬರುತ್ತದೆ.

ಇನ್ನು ಉಳಿದದ್ದು ಕೂಸಿಗೆ ಹೆಸರಿಟ್ಟ ದಿನದ ಮಾತು. ಆ ದಿನ ಉಸ್ತಾದರಿಗೆ ಬರಲಾಗಿರಲಿಲ್ಲ, ನನ್ನನ್ನು ಕಳಿಸಿದ್ದರು. ಆಯಿ ಬಂದವರೆಲ್ಲರ ಮುಂದೆ ಬಂಬದ ಕಥೆ ಹೇಳುತ್ತ, “ಉಸ್ತಾದ ಫೋನ್‌ನ್ಯಾಗ ಜವಾಬ್ದಾರಿ ನಂದು ಅಂದ, ಆಮ್ಯಾಲೆ ನೋಡ್ರಿ ಹೆಂಗ ಒದ್ದಾಡಿದ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಪ್ರತಿ ಸಲ ಆ ಮಾತು ಬಂದಾಗ ನಾನು ಚಹದ ಕಪ್ಪನ್ನು ಬಾಯಿಗೆ ಒಯ್ಯದೆ ಕೆಳಗಿಡುತ್ತಿದ್ದೆ. ಹೇಳಬೇಡ ಎಂದಿದ್ದರು ಉಸ್ತಾದರು. ಆದರೆ ಅವರನ್ನು ಆಡಿಕೊಂಡು ಜನ ನಗುವುದನ್ನು, ಅದೂ ನಾನು ನಗಿಸದೆ ನಗುವುದನ್ನು, ನಾನು ಎಷ್ಟು ಹೊತ್ತು ಸಹಿಸಲಿ? ಮಂದಿ ಊಟಕ್ಕೆ ಎದ್ದ ಮೇಲೆ ಹತ್ತಿರ ಹೋಗಿ ಕೂತು, ತೊದಲುತ್ತ ಹೇಳಿಬಿಟ್ಟೆ.

“ಆಯಿ, ಆವತ್ತ ಫೋನ್ ಮಾಡಿದಾವ ಉಸ್ತಾದ ಅಲ್ರಿ. ಅವರ ದನಿ ತಗದು ಮಾತಾಡಿದಾವ... ನಾನ್ರಿ.”

ಆಯಿ ತೊಟ್ಟಿಲ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಉಸ್ತಾದ ತನ್ನ ಜನ್ಮದಾಗ ನನಗ ಆಯಿ ಅಂದಿಲ್ಲೋ, ಅಕ್ಕಾ ಅಂತಾನ. ನೀ ಅಂತ ಗೊತ್ತಿದ್ದೂ, ಉಸ್ತಾದನ ಹುಡುಗ ಅಲಾ ಅಂತ ಬಂಬ ಕೊಟ್ಟೇನಿ. ಈಗ ಆ ಚಾ ಕುಡೀತಿ ಏನ, ಅದನ್ನೂ ಉಸ್ತಾದನ ದನೀಲೆ ಕುಡೀತಿ?”